ಕಡಲಾಮೆ ಕಾಯೋಕೆ ಚೆನ್ನೈ ಬೀಚಾ, ಒಡಿಶಾದ ಋಷಿಕುಲ್ಯಾನಾ?

ಮೂಡಿಗೆರೆ ಕಡೆಯವ್ನು ನಾನು, ನಮ್ಮಲ್ಲಿ ಆಮೆ ಅಂದ್ರೆ ಕೆರೇಲಿ ಕಾಣೋದಷ್ಟೇ. ಆದ್ರೂ ಹುಚ್ಚು ಹತ್ತಿ ಎರಡು ಕಡೆ ವಾಲಂಟಿಯರ್ ಆಗಿ ಹೋಗ್ಬಂದೆ, ಈಗ ತಂಗಿ ಎಲ್ಲಿಗೆ ಹೋಗ್ಲಿ ಅಂತ ಕೇಳ್ತಿದಾಳೆ. ಒಂದು ತಾಪತ್ರಯ ಮೊದ್ಲೇ ಹೇಳ್ಬಿಡ್ತೀನಿ, ಆಲಿವ್ ರಿಡ್ಲಿ ಅನ್ನೋ ಈ ಕಡಲಾಮೆ ಮೊಟ್ಟೆ ಇಡೋ ಟೈಮೂ ನಮ್ಮ ರೊಬಸ್ಟಾ ಕಾಫಿ ಕೊಯ್ಲಿನ ಟೈಮೂ ಒಂದೇ, ಅಪ್ಪನ ಮುಖ ನೋಡಕ್ಕಾಗಲ್ಲ.

ಚೆನ್ನೈ ಸುಲಭ. 1988ರಿಂದ ಸ್ಟೂಡೆಂಟ್ಸೇ ನಡೆಸ್ಕೊಂಡು ಬಂದಿರೋ ಕೆಲ್ಸ, ರಾತ್ರಿ ನೀಲಾಂಕರೈಯಿಂದ ಬೆಸೆಂಟ್ ನಗರದ ತನಕ ಸುಮಾರು 7 ಕಿಲೋಮೀಟರ್ ಮರಳಲ್ಲಿ ಆಮೆ ಗೂಡು ಹುಡುಕ್ತಾ ನಡೀಬೇಕು, ವೀಕೆಂಡಲ್ಲಿ ಮುಗಿಯುತ್ತೆ. ಎರಡು ರಾತ್ರೀನೂ ನಂಗೆ ಆಮೆ ಕಾಣ್ಲೇ ಇಲ್ಲ. ಆದ್ರೆ ಎರಡನೇ ರಾತ್ರಿ ಟ್ರ್ಯಾಕ್ಟರ್ ಹೋದಂಗೆ ಆಮೆ ಹತ್ತಿಳಿದ ಗುರುತು ಸಿಕ್ತು, ಜೊತೇಲಿದ್ದ ಹುಡ್ಗಿ ಕೋಲು ಚುಚ್ಚಿ ಚುಚ್ಚಿ ನೋಡಿ ಮರಳು ಸಡಿಲ ಇದ್ದ ಕಡೆ ನನ್ನ ಕೈಲೇ ತೋಡಿಸಿದ್ಲು, ಮೊಣಕೈ ಮುಳುಗೋ ಆಳ, ತಳದಲ್ಲಿ ಹೂಜಿ ಹೊಟ್ಟೆ ಥರ ಅಗಲ. ಮೊಟ್ಟೆ ಗಟ್ಟಿ ಇರಲ್ಲ ಕಣ್ರಿ, ಬೆರಳು ತಾಗಿದ್ರೆ ತಗ್ಗು ಬೀಳುತ್ತೆ. ಎಣಿಸಿದ್ರೆ 112. ಇಟ್ಟು ಹೊತ್ತಾದ ಮೇಲೆ ತಿರುಗಿಸಿದ್ರೆ ಒಳಗಿನ ಮರಿ ಹೋಗ್ಬಿಡುತ್ತೆ ಅಂತ ಬಾಣಂತಿ ಮನೆ ಕೂಸು ಎತ್ತಿದಂಗೆ ಎತ್ತಿ, ಬೆಳಗಾಗೋದ್ರೊಳಗೆ ಹ್ಯಾಚರೀಲಿ, ಅಂದ್ರೆ ಮರಿ ಆಗೋ ತನಕ ಮೊಟ್ಟೆ ಕಾಯೋ ಜಾಗದಲ್ಲಿ, ಅದೇ ಅಳತೆ ಗುಂಡಿ ತೋಡಿ ಇಟ್ವಿ. ಮರಳು ಜಾಸ್ತಿ ಬಿಸಿಯಾದ್ರೆ ಹೆಣ್ಣುಮರಿ, ತಂಪಿದ್ರೆ ಗಂಡು.

ಋಷಿಕುಲ್ಯಾ ಬೇರೆನೇ ಲೆಕ್ಕ. ಬೆಂಗ್ಳೂರಿಂದ ಅಲ್ಲಿಗೆ ಹತ್ರದ ಬ್ರಹ್ಮಪುರಕ್ಕೆ ರೈಲಲ್ಲೇ ಹತ್ರ ಹತ್ರ ಒಂದು ದಿನ. ಅಲ್ಲಿ ಆಮೆ ಹಿಂಡಾಗಿ ಬರುತ್ತೆ, 2023ರಲ್ಲಿ 6 ಲಕ್ಷಕ್ಕೂ ಮೇಲೆ, ಆದ್ರೆ ಕೆಲವು ವರ್ಷ ಬರೋದೇ ಇಲ್ಲ. ನಮ್ಮನ್ನ ಕರ್ಕೊಂಡು ಹೋದೋರು ರೂಮು ಊಟ ಎಲ್ಲಾ ಸೇರಿ ಅಂದಿದ್ರು, ಹೋದ್ಮೇಲೆ ಊಟಕ್ಕೆ ಬೇರೆ ದುಡ್ಡು. ಒಂಬತ್ತು ದಿನ ಬೆಳಿಗ್ಗೆ ಎದ್ದು ಟ್ರಾಲರ್ ಅನ್ನೋ ದೊಡ್ಡ ಮೀನುಬೋಟಿನ ಬಲೇಲಿ ಸಿಕ್ಕಿ ಉಸಿರುಗಟ್ಟಿ ಸತ್ತು ದಡಕ್ಕೆ ಬಂದ ಆಮೆಗಳ ಚಿಪ್ಪಿಗೆ ಟೇಪ್ ಹಿಡಿಯೋದು, ಮತ್ತೆ ಎಣಿಸ್ಬಾರ್ದಲ್ಲ ಅಂತ ಪೇಂಟ್ ಹಚ್ಚೋದು, ವಾಸ್ನೆ ತಲೆಗೂದಲಿಗೇ ಹತ್ಕೊಂಡಿತ್ತು. ಇದನ್ನ ಯಾವ ಫೋಟೋದಲ್ಲೂ ತೋರಿಸಲ್ಲ ಮಾರಾಯ್ರೆ.

ಹತ್ತನೇ ರಾತ್ರಿ ಆಮೆಗಳು ಬಂದ್ವು. ಬಿಳಿ ಟಾರ್ಚ್ ಹಾಕಂಗಿಲ್ಲ, ಕೆಂಪು ಬೆಳಕಲ್ಲಿ ಕಣ್ಣಿಗೆ ಕಂಡಿದ್ದು ಕಮ್ಮಿ, ಕೇಳಿದ್ದೇ ಜಾಸ್ತಿ. ಮೊಟ್ಟೆ ಮುಚ್ಚಿದ್ಮೇಲೆ ಮೈ ಅಲುಗಾಡಿಸಿ ಮರಳು ತಟ್ಟುತ್ತೆ ಅದು, ಧಪ್ ಧಪ್ ಧಪ್, ಕಾಫಿ ಕಣಕ್ಕೆ ದಿಮ್ಸು ಹೊಡೆದು ನೆಲ ಗಟ್ಟಿ ಮಾಡ್ದಂಗೆ, ದಡದುದ್ದಕ್ಕೂ. ನಾವು ಮಾಡಿದ ಕೆಲ್ಸ ಅಂದ್ರೆ ಹಗ್ಗ ಹಿಡ್ಕೊಂಡು ಆಮೆ ಎಣಿಸಿದ್ದು ಅಷ್ಟೇ.

ಕೈಯಾರೆ ಕೆಲ್ಸ ಕಲೀಬೇಕು ಅಂದ್ರೆ ಚೆನ್ನೈನೇ, ದುಡ್ಡೂ ಉಳಿಯುತ್ತೆ, ತಂಗಿಗೂ ಅದೇ ಅಂದೆ. ನಾನು ಮಾತ್ರ ಫೆಬ್ರವರಿಗೆ ಮತ್ತೆ ಬ್ರಹ್ಮಪುರಕ್ಕೆ ಟಿಕೆಟ್ ಮಾಡ್ಸಿದೀನಿ, ಅಪ್ಪಂಗೆ ಇನ್ನೂ ಹೇಳಿಲ್ಲ.