ರಾಗಿ ಮುದ್ದೆ ತಿರುವುವ ನಾಲ್ಕು ಬಗೆ: ಯಾವ ಹಿಟ್ಟಿಗೆ ಯಾವುದು

ಮುದ್ದೆ ಗಂಟಾಯಿತೆಂದರೆ ತಿರುವಿದವರ ಕೈಗೇ ದೂರು. ಅದೇ ಕೈ, ಅದೇ ಪಾತ್ರೆ ಇಟ್ಟುಕೊಂಡು ಹಿಟ್ಟು ಮಾತ್ರ ಬದಲಿಸಿ ನೋಡಿ, ನಿನ್ನೆ ಬೆಣ್ಣೆಯಂತೆ ಜಾರಿದ್ದು ಇವತ್ತು ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಎಸರು ಎಷ್ಟು, ಹಿಟ್ಟು ಬೆಂದದ್ದು ಎಷ್ಟು ಹೊತ್ತು, ಕೋಲು ಹಾಕಿದ್ದು ಯಾವಾಗ ಅನ್ನುವುದರ ಮೇಲೆ ಮುಕ್ಕಾಲು ಪಾಲು ತೀರ್ಮಾನ ಆಗಿಬಿಟ್ಟಿರುತ್ತದೆ. ರಟ್ಟೆಯ ಬಲ ಆಮೇಲಿನ ಮಾತು.

ಹೋಲಿಕೆಗೆ ಇಟ್ಟುಕೊಂಡ ಅಳತೆ ಇಷ್ಟು: 200 ಮಿ.ಲೀ. ಲೋಟದಲ್ಲಿ ಎರಡು ಲೋಟ ಹಿಟ್ಟು, ತೂಕದಲ್ಲಿ ಸುಮಾರು 250 ಗ್ರಾಂ. ಇದರಿಂದ ಮಧ್ಯಮ ಗಾತ್ರದ ಮೂರು ಮುದ್ದೆ ಆಗುತ್ತವೆ. ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ, ಗ್ಯಾಸ್ ಒಲೆ, ಒಂದೂವರೆ ಅಡಿಯ ಮರದ ಕೋಲು ನಾಲ್ಕಕ್ಕೂ ಒಂದೇ. ಹಿಟ್ಟು ಮಾತ್ರ ಮೂರು ಥರ: ರಾಗಿ ತೊಳೆದು ಒಣಗಿಸಿ ಮಿಲ್ಲಿಗೆ ಹಾಕಿಸಿದ್ದು, ಅಂಗಡಿಯ ಪ್ಯಾಕೆಟ್ಟಿನದು, ಮೊಳಕೆ ಕಟ್ಟಿಸಿದ ರಾಗಿಯದು.

ಗುಡ್ಡೆ ಹಾಕಿ ಬೇಯಿಸುವುದು

ಮೂರು ಲೋಟ ನೀರು ಎಸರಿಡಿ. ಬೇಕಿದ್ದರೆ ಚಿಟಿಕೆ ಉಪ್ಪು. ಎಸರು ಕೊತಕೊತ ಮರಳುವಾಗ ಎರಡೂ ಲೋಟ ಹಿಟ್ಟನ್ನು ಒಂದೇ ಸಲಕ್ಕೆ ನಡುವೆ ಸುರಿಯಿರಿ. ಕಲಕಬೇಡಿ. ಗುಡ್ಡೆಯ ನೆತ್ತಿಯಿಂದ ತಳ ಮುಟ್ಟುವ ಹಾಗೆ ಕೋಲಿನಿಂದ ಒಂದು ತೂತು ಮಾಡಿ. ಆ ತೂತಿನಿಂದ ನೀರು ಉಕ್ಕಿ ಮೇಲೆ ಬಂದು ಹಿಟ್ಟಿನ ಮೇಲೆ ಹರಿಯುತ್ತದೆ. ಗುಡ್ಡೆ ಒಳಗಿನಿಂದಲೂ ಹೊರಗಿನಿಂದಲೂ ಬೇಯುವುದು ಹೀಗೆ. ತಟ್ಟೆಯನ್ನು ಓರೆಯಾಗಿ ಮುಚ್ಚಿ, ಉರಿ ಮಧ್ಯಮಕ್ಕಿಂತ ಕೆಳಗಿಳಿಸಿ, ಎಂಟರಿಂದ ಹತ್ತು ನಿಮಿಷ ಬಿಡಿ.

ಈ ಹತ್ತು ನಿಮಿಷ ಸುಮ್ಮನಿರುವುದೇ ಕಷ್ಟ. ನಾಲ್ಕನೇ ನಿಮಿಷಕ್ಕೇ ಕೋಲು ಆಡಿಸಿದರೆ ಗಂಟು ಗ್ಯಾರಂಟಿ. ಒಳಗಿನ ಹಿಟ್ಟು ಆಗಿನ್ನೂ ಒಣಗಿರುತ್ತದೆ. ಹೊರಗಿನ ಪಿಷ್ಟ ಬೆಂದು ಗೋಂದಿನ ಹಾಗಾಗಿರುತ್ತದೆ. ತಿರುವಿದಾಗ ಆ ಗೋಂದು ಒಣಹಿಟ್ಟನ್ನು ಸುತ್ತಿ ಗೋಲಿ ಕಟ್ಟುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ನೀರು ಒಳಕ್ಕೆ ಹೋಗದು. ಹದ ಬಂದದ್ದು ಕಣ್ಣಿಗೂ ಮೂಗಿಗೂ ಗೊತ್ತಾಗುತ್ತದೆ: ಬೂದು ಬಣ್ಣದ ಗುಡ್ಡೆ ಅಂಚಿನಿಂದ ಕಪ್ಪುಗಂದಾಗುತ್ತ ಬಂದು ನೆತ್ತಿಯಲ್ಲಿ ಬಿರುಕು ಬಿಡುತ್ತದೆ, ಹಸಿಹಿಟ್ಟಿನ ವಾಸನೆ ಹೋಗಿ ಬೆಂದ ರಾಗಿಯ ಘಮ ಬರುತ್ತದೆ.

ಕೋಲು ಹಾಕುವ ಮುಂಚೆ ಅಂಚಿನಲ್ಲಿ ನಿಂತ ನೀರನ್ನು ಒಂದು ಬಟ್ಟಲಿಗೆ ಬಗ್ಗಿಸಿಕೊಳ್ಳಿ, ಸುಮಾರು ಅರ್ಧ ಲೋಟ ಸಿಗುತ್ತದೆ. ಹೊಸಬರು ಬಿಡುವುದು ಇದನ್ನೇ. ನೀರು ಒಳಗೇ ಇದ್ದರೆ ಹಿಟ್ಟು ಕೋಲಿಗೆ ಸಿಗದೆ ತೇಲಿ ತಪ್ಪಿಸಿಕೊಳ್ಳುತ್ತದೆ, ಅಂಬಲಿಯಲ್ಲಿ ಗಂಟು ಹುಡುಕುವ ಪಾಡಾಗುತ್ತದೆ. ನೀರು ತೆಗೆದ ಮೇಲೆ ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಮುರಿಯಿರಿ, ಆಮೇಲೆ ಸುತ್ತ ತಿರುವಿ. ಗಟ್ಟಿ ಅನ್ನಿಸಿದಾಗ ಬಗ್ಗಿಸಿಟ್ಟ ಗಂಜಿನೀರನ್ನೇ ಚಮಚ ಚಮಚವಾಗಿ ವಾಪಸು ಹಾಕಿ, ತಣ್ಣೀರು ಬೇಡ. ಎರಡು ನಿಮಿಷ ತಿರುವಿದ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿ ಇನ್ನೆರಡು ನಿಮಿಷ ಇಂಗಿಸಿ, ಮತ್ತೊಮ್ಮೆ ತಿರುವಿ ಇಳಿಸಿ.

ಹಳ್ಳಿಮನೆಗಳಲ್ಲಿ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲು ಕೊಟ್ಟು, ಕಾಲಲ್ಲಿ ಒತ್ತಿ ಹಿಡಿದು ತಿರುವುತ್ತಾರಲ್ಲ, ಅದರ ಲೆಕ್ಕಾಚಾರ ಸರಿಯಾಗಿದೆ. ಎರಡೂ ಕೈ ಕೋಲಿಗೆ ಸಿಗುತ್ತವೆ, ಮೈಭಾರ ಮೇಲಿಂದ ಬೀಳುತ್ತದೆ. ನಿಂತು ಅಡುಗೆ ಮಾಡುವ ಕಟ್ಟೆಯ ಮೇಲೆ ಆ ಅನುಕೂಲ ಇಲ್ಲ. ಒದ್ದೆ ಬಟ್ಟೆ ಮಡಿಚಿ ಅದರ ಮೇಲೆ ಪಾತ್ರೆ ಇಟ್ಟು, ಒಂದು ಕೈಯಲ್ಲಿ ಇಕ್ಕಳ ಹಿಡಿದರೆ ಜಾರುವುದಿಲ್ಲ.

ಮಿಲ್ಲಿನ ತಾಜಾ ಹಿಟ್ಟಿಗೆ ಇದನ್ನು ಮೀರಿಸುವ ಬಗೆ ಇಲ್ಲ. ಮುದ್ದೆ ಹೊಳೆಯುತ್ತದೆ, ಕೈಗೆ ಅಂಟುವುದಿಲ್ಲ, ಮುರಿದರೆ ಒಳಗೆಲ್ಲ ಒಂದೇ ಬಣ್ಣ. ಆದರೆ ಅರ್ಧ ಲೋಟ ಹಿಟ್ಟಿನ ಒಂಟಿ ಮುದ್ದೆಗೆ ಇದು ಕೈಕೊಡುತ್ತದೆ. ಗುಡ್ಡೆಯೇ ನಿಲ್ಲುವುದಿಲ್ಲ, ಹಿಟ್ಟು ತಳಕ್ಕೆ ಕೂತು ಸೀಯುತ್ತದೆ.

ಅಂಬಲಿ ಕದಡಿ ಮಾಡುವುದು

ಇಲ್ಲೂ ನೀರು ಒಟ್ಟು ಮೂರು ಲೋಟ. ಅದರಲ್ಲಿ ಕಾಲು ಲೋಟ ತಣ್ಣೀರು ಬೇರೆ ತೆಗೆದು ಎರಡು ಚಮಚ ಹಿಟ್ಟು ಕದಡಿಕೊಳ್ಳಿ. ಉಳಿದ ನೀರು ಬಿಸಿಯಾದಾಗ, ಕುದಿಯುವ ಮೊದಲೇ, ಇದನ್ನು ಸುರಿದು ಕೈಯಾಡಿಸುತ್ತಿರಿ. ತೆಳು ಅಂಬಲಿಯಂತಾಗಿ ಮರಳತೊಡಗಿದಾಗ ಮಿಕ್ಕ ಹಿಟ್ಟು ಹಾಕಿ, ನಡುವೆ ತೂತು ಮಾಡಿ, ಮುಚ್ಚಿ ಐದಾರು ನಿಮಿಷ ಬೇಯಿಸಿ ತಿರುವಿ.

ನೀರು ಮೊದಲೇ ಮಂದವಾಗಿರುವುದರಿಂದ ಒಣಹಿಟ್ಟು ಸರ್ರನೆ ತಳಕ್ಕೆ ಇಳಿಯುವುದಿಲ್ಲ, ನಿಧಾನವಾಗಿ ನೆನೆಯುತ್ತದೆ. ಹಾಗಾಗಿ ಗಂಟು ಕಡಿಮೆ, ತಳ ಹಿಡಿಯುವುದೂ ಕಡಿಮೆ. ಇಬ್ಬರಿಗೆ ಮಾಡುವ ಮನೆಗೆ, ಕಲಿಯುವವರಿಗೆ ಇದೇ ಸರಿ. ಪ್ಯಾಕೆಟ್ ಹಿಟ್ಟು ಗುಡ್ಡೆಯಲ್ಲಿ ಹಠ ಮಾಡುತ್ತದೆ, ಇಲ್ಲಿ ಮಾತು ಕೇಳುತ್ತದೆ. ಅದು ನುಣುಪು ಹೆಚ್ಚು, ತೇವ ಕಡಿಮೆ, ಆದ್ದರಿಂದ ಕಾಲು ಲೋಟ ನೀರು ಜಾಸ್ತಿ ಇಡಿ.

ಇದರ ಕೊರತೆ ಎಂದರೆ ಬಗ್ಗಿಸಿಕೊಳ್ಳಲು ನೀರೇ ಇರುವುದಿಲ್ಲ. ಅಳತೆ ತಪ್ಪಿದರೆ ತಿದ್ದುವುದು ಕಷ್ಟ: ತೆಳುವಾದದ್ದಕ್ಕೆ ಆಮೇಲೆ ಹಿಟ್ಟು ಉದುರಿಸಿದರೆ ಆ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಮುದ್ದೆಯೂ ಗುಡ್ಡೆಯದಕ್ಕಿಂತ ಒಂದು ಗುಲಗಂಜಿಯಷ್ಟು ಜಿಗುಟು.

ತಣ್ಣೀರಲ್ಲೇ ಕಲಸಿ ಕಾಯಿಸುವುದು

ಹಿಟ್ಟು, ನೀರು ಎರಡನ್ನೂ ತಣ್ಣಗಿರುವಾಗಲೇ ದೋಸೆಹಿಟ್ಟಿನಂತೆ ಕದಡಿ, ಒಲೆಗಿಟ್ಟು, ಹಲ್ವಾ ಕೆದಕಿದಂತೆ ಕೈಬಿಡದೆ ತಿರುವುವುದು. ಬ್ಯಾಚುಲರ್ ರೂಮಿನಲ್ಲಿ, ಹೊರದೇಶದ ಕರೆಂಟಿನ ಕಾಯಿಲ್ ಒಲೆಗಳ ಮೇಲೆ ಹೆಚ್ಚು ನಡೆಯುವುದು ಇದು. ಗಂಟಾಗುವುದಿಲ್ಲ, ಅದೊಂದು ನಿಜ. ಆದರೆ ಗಟ್ಟಿಯಾದ ಕೂಡಲೇ ಬೆಂದಿತೆಂದು ಇಳಿಸಿಬಿಡುತ್ತಾರೆ. ಗಟ್ಟಿಯಾಗುವುದಕ್ಕೂ ಬೇಯುವುದಕ್ಕೂ ನಡುವೆ ಇನ್ನೂ ಆರೇಳು ನಿಮಿಷ ಇದೆ. ಅದನ್ನು ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಕಳೆಯದಿದ್ದರೆ ಮುದ್ದೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಹೊಟ್ಟೆಯಲ್ಲಿ ಕಲ್ಲು ಕೂತಂತಾಗುತ್ತದೆ. ಕಾಯಿಲ್ ಒಲೆ ಆರಿಸಿದರೂ ಬಿಸಿ ಬಿಡದು, ಉರಿ ತಗ್ಗಿಸುವುದಿದ್ದರೆ ಎರಡು ನಿಮಿಷ ಮುಂಚೆಯೇ ತಗ್ಗಿಸಿ. ನಾನ್‌ಸ್ಟಿಕ್ ಪಾತ್ರೆಯಲ್ಲಾದರೆ ಕೋಲು ಒತ್ತುವಂತಿಲ್ಲ, ಒತ್ತದೆ ಮುದ್ದೆ ಕೂಡುವುದಿಲ್ಲ.

ಕುಕ್ಕರಿನಲ್ಲಿ ನೇರವಾಗಿ ಹಿಟ್ಟು ಹಾಕಿ ವಿಷಲ್ ಕೂಗಿಸುವವರೂ ಇದ್ದಾರೆ. ಬೇಡ. ಉಕ್ಕಿದ ಗಂಜಿ ಆವಿ ಹೋಗುವ ಕೊಳವೆಗೆ ಮೆತ್ತಿಕೊಂಡರೆ ಅಪಾಯ.

ನುಚ್ಚು ಹಾಕಿ ಮಾಡುವುದು

ಕಾಲು ಲೋಟ ಅಕ್ಕಿನುಚ್ಚು ತೊಳೆದು, ನಾಲ್ಕು ಲೋಟ ನೀರಲ್ಲಿ ಕಾಳು ಕರಗುವಷ್ಟು ಬೇಯಿಸಿ. ನುಚ್ಚಿಗೆ ಹದಿನೈದು ನಿಮಿಷವಾದರೂ ಬೇಕು. ಆಮೇಲೆ ಹಿಟ್ಟಿನ ಗುಡ್ಡೆ, ತೂತು, ಮುಚ್ಚಳ, ಎಂಟು ನಿಮಿಷ, ಎಲ್ಲ ಮೊದಲಿನಂತೆಯೇ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮುದ್ದೆ, ಗಡಿಯಾಚೆಯ ರಾಯಲಸೀಮೆಯ ಸಂಗಟಿ ಈ ಜಾತಿಯವು. ಮಂಡ್ಯ, ಹಾಸನದ ಕಡೆಯವರಿಗೆ ಇದನ್ನು ಬಡಿಸಿದರೆ ಮುದ್ದೆಯೊಳಗೆ ಅನ್ನ ಯಾಕೆ ಅಂತ ಕೇಳಿಯಾರು. ಮೊದಲ ಸಲ ಮುದ್ದೆ ತಿನ್ನುವವರಿಗೆ ಇದು ಸಲೀಸು: ಮೆತ್ತಗೆ, ಸ್ವಲ್ಪ ಸಿಹಿ. ಬುತ್ತಿಗೂ ಒಳ್ಳೆಯದು. ಬರಿ ಹಿಟ್ಟಿನ ಮುದ್ದೆ ಆರಿದ ಮೇಲೆ ಬಿಗಿಯುತ್ತದೆ, ನುಚ್ಚಿನದು ಸಂಜೆಗೂ ಮುರಿಯಲು ಬರುತ್ತದೆ. ನುಚ್ಚು ಅರೆಬೆಂದಿದ್ದರೆ ಮಾತ್ರ ನುಂಗುವಾಗ ಗಂಟಲು ಗೀರುತ್ತದೆ.

ಹಿಟ್ಟಿನ ಮಾತು

ಮಿಲ್ಲಿನ ಹಿಟ್ಟು ಗೆದ್ದದ್ದು ಅಭಿಮಾನಕ್ಕಲ್ಲ. ರಾಗಿಯನ್ನು ಮೂರು ನೀರಲ್ಲಿ ಜಾಲಿಸಿ ತೊಳೆದರೆ ಕಲ್ಲು, ಮಣ್ಣು ತಳದಲ್ಲಿ ಉಳಿಯುತ್ತವೆ. ಬಸಿದು, ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಒಂದು ದಿನದ ಬಿಸಿಲು ಕಾಣಿಸಿ, ಮೊರದಲ್ಲಿ ಕೇರಿ. ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಟಕ್ ಅನ್ನಬೇಕು; ಮೆತ್ತಗೆ ಚಪ್ಪಟೆಯಾದರೆ ಇನ್ನೂ ತೇವ ಇದೆ, ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಮಿಲ್ಲಿನಲ್ಲಿ ಖಾರದಪುಡಿಯ ಹಿಂದೆ ನಿಮ್ಮ ಸರದಿ ಬರದಂತೆ ನೋಡಿಕೊಳ್ಳಿ. ಬೀಸಿದ ಹಿಟ್ಟು ಮುಟ್ಟಲಾರದಷ್ಟು ಬಿಸಿ ಇರುತ್ತದೆ, ಹಾಗೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ನಾಲ್ಕು ದಿನಕ್ಕೆ ಮುಗ್ಗಲು. ಪೇಪರಿನ ಮೇಲೆ ಹರಡಿ ಪೂರ್ತಿ ಆರಿಸಿ. ರಾಗಿಯಲ್ಲಿ ಕೊಬ್ಬಿನಂಶ 100 ಗ್ರಾಮಿಗೆ 2 ಗ್ರಾಮಿನ ಒಳಗೇ ಇರುವುದರಿಂದ ಸಜ್ಜೆಹಿಟ್ಟಿನಂತೆ ಬೇಗ ಕಹಿಯಾಗದು. ಆದರೂ ಎರಡು ತಿಂಗಳಿಗೆ ಮಿಕ್ಕಿ ಇಡಬೇಡಿ. ನಾಲಗೆ ತುದಿಗೆ ಚಿಟಿಕೆ ಹಾಕಿ ನೋಡಿದರೆ ಹಳತು ತಿಳಿಯುತ್ತದೆ.

ಸಣ್ಣ ಜರಡಿಯಲ್ಲಿ ಜಾಲಿಸಿ ಹೊಟ್ಟು ಎಸೆಯುವ ಅಭ್ಯಾಸ ಬಿಡುವುದು ಒಳ್ಳೆಯದು. ರಾಗಿಯ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, 100 ಗ್ರಾಮಿಗೆ 364 ಮಿ.ಗ್ರಾಂ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ ಕೊಡುತ್ತದೆ. ಕಾಳಿನ ಸಿಪ್ಪೆಯಲ್ಲಿ ಅದು ದಟ್ಟವಾಗಿರುತ್ತದೆ. ನಮ್ಮ ಅಳತೆಯ ಒಂದು ಮುದ್ದೆಗೆ ಹೋಗುವುದು 83 ಗ್ರಾಂ ಹಿಟ್ಟು, ಅಂದರೆ ಹತ್ತಿರ ಹತ್ತಿರ 300 ಮಿ.ಗ್ರಾಂ ಸುಣ್ಣ. ಜೊತೆಗೆ 55 ಗ್ರಾಮಿನಷ್ಟು ಶರ್ಕರಪಿಷ್ಟವೂ ಇದೆ, ಸಕ್ಕರೆ ಕಾಯಿಲೆಯವರು ಮುದ್ದೆಯೆಂದರೆ ಲೆಕ್ಕವಿಲ್ಲ ಅಂದುಕೊಳ್ಳಬಾರದು.

ಮೊಳಕೆ ಹಿಟ್ಟಿನಲ್ಲಿ ಮುದ್ದೆ ಆಗುವುದಿಲ್ಲ. ಗುಡ್ಡೆ, ಅಂಬಲಿ, ತಣ್ಣೀರು, ಯಾವುದರಲ್ಲೂ ಆಗುವುದಿಲ್ಲ. ಮೊಳಕೆ ಒಡೆಯುವಾಗ ಕಾಳು ತನ್ನ ಪಿಷ್ಟವನ್ನು ತಾನೇ ಕರಗಿಸಿಕೊಳ್ಳುವ ಕಿಣ್ವ ತಯಾರಿಸುತ್ತದೆ. ಎಸರು ಬಿಸಿಯಾಗುತ್ತ ಹೋದಂತೆ ಆ ಕಿಣ್ವ ಚುರುಕಾಗಿ ಪಿಷ್ಟವನ್ನು ಕಡಿದುಹಾಕುತ್ತದೆ, ಹಿಡಿತ ಹೋಗಿ ರಾಡಿಯಾಗುತ್ತದೆ. ಹಿಟ್ಟು ಇನ್ನಷ್ಟು ಸೇರಿಸಿದರೆ ಸಿಹಿ ಸಿಹಿ ಅಂಟು. ಮಕ್ಕಳ ಗಂಜಿಗೆ ಇದೇ ಗುಣ ವರ, ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ದುಡ್ಡು ಜಾಸ್ತಿ ಕೊಟ್ಟು ತಂದದ್ದು ಎಂದು ಮುದ್ದೆಗೆ ಒಗ್ಗಿಸಲು ಹೋಗಬೇಡಿ.

ಕಟ್ಟುವುದು, ತಿನ್ನುವುದು

ಬೆಂದಿದೆಯೇ ಎಂದು ನೋಡಲು ಬೆರಳು ತಣ್ಣೀರಲ್ಲಿ ಅದ್ದಿ ಮುದ್ದೆಯ ಮೇಲೆ ಒತ್ತಿ. ಅಂಟದೆ ಮೇಲೆದ್ದರೆ ಬೆಂದಿದೆ. ಮರದ ಮಣೆ ಇಲ್ಲವೇ ತಟ್ಟೆಗೆ ನೀರು ಸವರಿ, ಬಿಸಿ ಇರುವಾಗಲೇ ಒದ್ದೆ ಕೈಯಲ್ಲಿ ಉರುಳಿಸಿ. ಆರಲು ಬಿಟ್ಟರೆ ಮೇಲ್ಮೈ ಸುಕ್ಕುಗಟ್ಟುತ್ತದೆ, ಮತ್ತೆ ನುಣುಪಾಗದು.

ಗುಡ್ಡೆಯ ಗಟ್ಟಿ ಮುದ್ದೆಗೆ ಬಸ್ಸಾರು, ಉಪ್ಸಾರು, ಹುರುಳಿಕಟ್ಟಿನಂಥ ತೆಳು ಸಾರು ಬೇಕು, ಜಾರಿಸಿಕೊಂಡು ಹೋಗಬೇಕಲ್ಲ. ನುಚ್ಚಿನ ಮೆತ್ತನೆ ಮುದ್ದೆಗೆ ಮಸ್ಸೊಪ್ಪು, ಅವರೆಕಾಳಿನ ಗಟ್ಟಿ ಸಾರು ಹೊಂದುತ್ತದೆ. ಅಂಬಲಿ ಬಗೆಯದು ಎಲ್ಲದಕ್ಕೂ ನಡೆಯುತ್ತದೆ.

ಮುದ್ದೆ ಎತ್ತಿದ ಕೂಡಲೇ ಪಾತ್ರೆಗೆ ನೀರು ತುಂಬಿಸಿ. ಅರ್ಧ ಗಂಟೆ ಬಿಟ್ಟರೆ ತಳದ ಪದರ ಹಾಳೆಯ ಹಾಗೆ ಎದ್ದು ಬರುತ್ತದೆ. ಒಣಗಿಸಿದರೆ ಮಾತ್ರ ತೆಂಗಿನ ನಾರಿಗೂ ಜಗ್ಗದು.