ಹತ್ತಿ ಇಳಿಯುವ ಮರದ ತ್ರಿಕೋನ: ಆರು ತಿಂಗಳ ಬಳಕೆಯ ನಂತರ

ಸೋಫಾ, ಕಿಟಕಿಯ ಸರಳು, ಅಪ್ಪನ ಬೆನ್ನು ಎಂದು ಸಿಕ್ಕಿದ್ದನ್ನೆಲ್ಲ ಹತ್ತುತ್ತಿದ್ದ ಹದಿನಾಲ್ಕು ತಿಂಗಳ ಮಗಳಿಗೆ, ಹತ್ತಲೆಂದೇ ಒಂದು ವಸ್ತುವಿರಲಿ ಎಂದು ಈ ತ್ರಿಕೋನವನ್ನು ತರಿಸಿಕೊಂಡೆವು. ಎರಡು ಏಣಿಗಳ ತಲೆ ಜೋಡಿಸಿ, ಕಾಲು ಅಗಲಿಸಿ ನಿಲ್ಲಿಸಿದಂತಿರುವ ಈ ಸಾಧನವನ್ನು ಹಂಗೆರಿಯ ಶಿಶುವೈದ್ಯೆ ಎಮ್ಮಿ ಪಿಕ್ಲರ್ ಅವರ ಹೆಸರಿನಿಂದಲೇ ಕರೆಯುತ್ತಾರೆ. 1946ರಲ್ಲಿ ಬುಡಾಪೆಸ್ಟ್‌ನಲ್ಲಿ ಅವರು ಆರಂಭಿಸಿದ ಶಿಶುಗೃಹದಲ್ಲಿ, ಮಗು ತಾನಾಗಿ ಕೂರುವ ಮೊದಲು ಅದನ್ನು ಕೂರಿಸುವುದಾಗಲಿ, ತಾನಾಗಿ ನಡೆಯುವ ಮೊದಲು ಕೈಹಿಡಿದು ನಡೆಸುವುದಾಗಲಿ ಕೂಡದೆಂಬ ನಿಯಮವಿತ್ತು. ತ್ರಿಕೋನವನ್ನೂ ಹಾಗೆಯೇ ಬಳಸಬೇಕು: ಮಗುವನ್ನು ಎತ್ತಿ ಮೇಲೆ ಕೂರಿಸಬಾರದು.

ಇದು ಹೇಳಿದಷ್ಟು ಸುಲಭವಲ್ಲ. ಮೊದಲ ವಾರವೆಲ್ಲ ಅವಳು ಏಣಿಯ ಅಡಿಯಲ್ಲಿ ನುಸುಳಿ ಆಚೆ ಬರುವುದರಲ್ಲೇ ಕಳೆದಾಗ ನಮಗೆ ನಿರಾಸೆಯಾಗಿದ್ದು ನಿಜ. ಆಮೇಲೆ ಒಂದು ಕೋಲು, ಕೆಲವು ದಿನ ಬಿಟ್ಟು ಇನ್ನೊಂದು. ಹತ್ತುವುದಕ್ಕಿಂತ ಇಳಿಯುವುದೇ ಅವಳಿಗೆ ಕಷ್ಟದ ಪಾಠವಾಗಿತ್ತು. ಎರಡೂ ಕೈಗಳಲ್ಲಿ ಮೇಲಿನ ಕೋಲನ್ನು ಬಿಗಿಯಾಗಿ ಹಿಡಿದು, ಕಣ್ಣಿಗೆ ಕಾಣದ ಕೆಳಗಿನ ಕೋಲಿಗಾಗಿ ಒಂದು ಪಾದವನ್ನು ಗಾಳಿಯಲ್ಲಿ ತಡಕಾಡಿಸಿ, ಸಿಕ್ಕೊಡನೆ ಬೆರಳುಗಳನ್ನು ಅದಕ್ಕೆ ಮಡಚಿಕೊಂಡು, ಅನಂತರವೇ ಮೈಭಾರವನ್ನು ಬಿಡುತ್ತಿದ್ದಳು. ಕಾಲುಚೀಲ ಹಾಕಿದ ದಿನ ಈ ಹಿಡಿತ ಸಿಗದೆ ಜಾರಿದ್ದರಿಂದ ಈಗ ಬರಿಗಾಲೇ ಕಡ್ಡಾಯ.

ಮರದ ಕೆಲಸ ಒಟ್ಟಿನಲ್ಲಿ ಅಚ್ಚುಕಟ್ಟಾಗಿದೆ, ಕೋಲುಗಳ ದಪ್ಪವೂ ಎಳೆಯ ಮುಷ್ಟಿಗೆ ಸರಿಹೊಂದುತ್ತದೆ. ಆದರೆ ಎರಡು ಕೋಲುಗಳಲ್ಲಿ ಸಿಬಿರು ಎದ್ದಿದ್ದರಿಂದ ನಾವೇ ಉಜ್ಜುಕಾಗದದಿಂದ ತಿಕ್ಕಬೇಕಾಯಿತು. ಕಾಲುಗಳಿಗೆ ರಬ್ಬರ್ ಇಲ್ಲದೆ ನುಣುಪು ನೆಲದ ಮೇಲೆ ಸರಿಯುತ್ತದೆ. ಜಾರದ ಚಾಪೆಯೊಂದನ್ನು ಬೇರೆಯೇ ಕೊಳ್ಳಬೇಕು. ಮೂರನೆಯ ತಿಂಗಳಲ್ಲಿ ತುದಿಯ ಬೋಲ್ಟು ಸಡಿಲವಾದ ಬಗ್ಗೆ ಬರೆದರೆ, ತಯಾರಕರಿಂದ ಬಂದದ್ದು ಜೋಡಣೆಯ ಕೈಪಿಡಿಯ ಇನ್ನೊಂದು ಪ್ರತಿ! ಅಂದಿನಿಂದ ವಾರಕ್ಕೊಮ್ಮೆ ನಾನೇ ಬಿಗಿ ಮಾಡುತ್ತೇನೆ.

ಜೊತೆಗೆ ಬಂದ ಜಾರುಹಲಗೆಯ ಬಗ್ಗೆ ಮಾತ್ರ ನನಗೆ ಒಳ್ಳೆಯ ಮಾತಿಲ್ಲ. ಅದನ್ನು ಸಿಕ್ಕಿಸುವ ಕೊಕ್ಕೆ ಸಡಿಲವಾಗಿದ್ದು, ಮಗು ಮಧ್ಯಕ್ಕೆ ಬಂದಾಗ ಹಲಗೆ ಅಲುಗುತ್ತದೆ. ನಾವು ಅದನ್ನು ಬೀರುವಿನ ಹಿಂದೆ ಇಟ್ಟಿದ್ದೇವೆ.

ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನವಿಡೀ ಹಂಚಿಹೋದಂತೆ ಕನಿಷ್ಠ 180 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ತ್ರಿಕೋನವೊಂದೇ ಅಷ್ಟನ್ನೂ ತುಂಬಿಕೊಡುತ್ತದೆಂದು ನಂಬಿ ಕೊಳ್ಳಬೇಡಿ. ನಮ್ಮಲ್ಲಿ ಅದರ ಪಾಲು ಒಮ್ಮೆಗೆ ಹತ್ತು ನಿಮಿಷ, ಮಳೆಯ ದಿನ ಸ್ವಲ್ಪ ಹೆಚ್ಚು. ಓಡಲು ಬಯಲೇ ಬೇಕು. ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡುವ ತಾಳ್ಮೆಯಿದ್ದವರು ಜಾರುಹಲಗೆಯಿಲ್ಲದ ಮಾದರಿಯನ್ನೇ ಆರಿಸಿಕೊಳ್ಳಬಹುದು.