ರಾತ್ರಿ ಪಾಳಿಯ ಪರೀಕ್ಷೆ: ಹಾರ್ಟ್, ಪ್ರೊಫಿಬಸ್ ಪಿಎ, ಮಾಡ್‌ಬಸ್, ವೈರ್‌ಲೆಸ್

ಕಬ್ಬು ನುರಿಸುವ ಹಂಗಾಮು ಶುರುವಾದರೆ ಸಕ್ಕರೆ ಕಾರ್ಖಾನೆ ಹಗಲಿರುಳು ನಿಲ್ಲುವುದಿಲ್ಲ. ಇನ್‌ಸ್ಟ್ರುಮೆಂಟ್ ವಿಭಾಗದ ನನಗೆ, ಒತ್ತಡ, ಮಟ್ಟದಂಥ ಅಳತೆಗಳನ್ನು ಕಳಿಸುವ ಟ್ರಾನ್ಸ್‌ಮಿಟರ್ ಕಂಟ್ರೋಲ್ ರೂಮಿಗೆ ಎಷ್ಟು ಬೇಗ ಸುದ್ದಿ ಮುಟ್ಟಿಸುತ್ತದೆ ಎನ್ನುವುದಕ್ಕಿಂತ, ರಾತ್ರಿ ಎರಡು ಗಂಟೆಗೆ ಅದು ಕೈಕೊಟ್ಟರೆ ಪಾಳಿಯಲ್ಲಿರುವ ಒಬ್ಬನೇ ಹುಡುಗ ದೋಷ ಹುಡುಕಬಲ್ಲನೇ ಎನ್ನುವುದು ಮುಖ್ಯ. ಅಳತೆಯನ್ನು ಸಾಗಿಸುವ ಬೇರೆ ಬೇರೆ ವಿಧಾನಗಳನ್ನೆಲ್ಲ ಆ ತಕ್ಕಡಿಯಲ್ಲೇ ತೂಗಿದ್ದೇನೆ.

ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟದಂಥ ಮುಖ್ಯ ಲೂಪ್‌ಗಳು, ಅಂದರೆ ಅಳತೆ ಸಾಗುವ ತಂತಿ ಜೋಡಿಗಳು, ನಮ್ಮಲ್ಲಿ ಇಂದಿಗೂ 4–20 ಮಿಲಿಆಂಪಿಯರ್: ಅಳತೆ ಕನಿಷ್ಠವಿದ್ದರೆ 4, ಗರಿಷ್ಠವಿದ್ದರೆ 20. ಮಲ್ಟಿಮೀಟರ್ ಇದ್ದರೆ ಸಾಕು: 12 ಬಂದರೆ ಅರ್ಧ, ಸೊನ್ನೆ ಬಂದರೆ ತಂತಿ ಕಡಿದಿದೆ. ಅಳತೆ ಸೊನ್ನೆಯಿದ್ದಾಗಲೂ 4 ಹರಿಯುವುದರಿಂದಲೇ ಈ ಗುಟ್ಟು ಬಯಲಾಗುತ್ತದೆ. ಆದರೆ ಕರೆಂಟು ಮೂಗ. ಒಮ್ಮೆ ಬದಲಿ ಟ್ರಾನ್ಸ್‌ಮಿಟರಿನ ರೇಂಜ್ 0–10 ಬಾರ್ ಇತ್ತು, ಕಂಟ್ರೋಲ್ ರೂಮಿನ ಗಣಕ ವ್ಯವಸ್ಥೆಯಾದ ಡಿಸಿಎಸ್‌ನಲ್ಲಿ 0–16 ಎಂದಿತ್ತು. ಹಬೆ 5 ಬಾರ್ ಇದ್ದಾಗ ಪರದೆ 8 ತೋರಿಸುತ್ತಿತ್ತು. ಮಲ್ಟಿಮೀಟರ್ ಮಾತ್ರ 12 ಎಂದು ನೆಮ್ಮದಿಯಿಂದ ಹೇಳುತ್ತಿತ್ತು.

ಆ ತಪ್ಪನ್ನು ಹಿಡಿದುಕೊಟ್ಟದ್ದು ಹಾರ್ಟ್ ಕಮ್ಯುನಿಕೇಟರ್, ಟ್ರಾನ್ಸ್‌ಮಿಟರನ್ನೇ ಕೇಳಿ ಅದರ ಸೆಟ್ಟಿಂಗ್ ಓದುವ ಕೈಯುಪಕರಣ. ಅದೇ ಎರಡು ತಂತಿಯ ಮೇಲೆ 1200 ಮತ್ತು 2200 ಹರ್ಟ್ಸ್‌ನ ಸಣ್ಣ ಅಲೆಗಳನ್ನು ಕೂರಿಸಿ ಹಾರ್ಟ್ ಮಾತನಾಡುತ್ತದೆ. ಅಲೆಗಳ ಸರಾಸರಿ ಸೊನ್ನೆಯಾದ್ದರಿಂದ ಮೂಲ ಕರೆಂಟು ಕದಲುವುದಿಲ್ಲ. ನಿಧಾನ, ಸೆಕೆಂಡಿಗೆ ಎರಡು ಮೂರು ಉತ್ತರ. ಲೂಪ್‌ನಲ್ಲಿ ಸುಮಾರು 250 ಓಮ್ ರೋಧವೂ ಬೇಕು. ಮೇಜಿನ ಮೇಲೆ ಪವರ್ ಸಪ್ಲೈಗೆ ನೇರವಾಗಿ ಜೋಡಿಸಿ, ಉತ್ತರ ಬಾರದಿದ್ದಾಗ ಟ್ರಾನ್ಸ್‌ಮಿಟರ್ ಕೆಟ್ಟಿದೆ ಎಂದು ಬರೆದಿಟ್ಟವರಲ್ಲಿ ನಾನೂ ಒಬ್ಬ.

ಪ್ರೊಫಿಬಸ್ ಪಿಎ ನನಗೆ ಮೊದಲ ನೋಟಕ್ಕೇ ಇಷ್ಟವಾಯಿತು. ಕಬ್ಬಿನ ರಸ ಕುದಿಸಿ ಗಟ್ಟಿಮಾಡುವ ಎವಾಪರೇಟರಿನ ಹನ್ನೆರಡು ಟ್ರಾನ್ಸ್‌ಮಿಟರ್‌ಗಳಿಗೆ ಒಂದೇ ಮುಖ್ಯ ಕೇಬಲ್, ಅದೇ ಟ್ರಂಕ್. ವಿದ್ಯುತ್ತೂ ಮಾಹಿತಿಯೂ ಅದರಲ್ಲೇ, ಸೆಕೆಂಡಿಗೆ 31.25 ಕಿಲೋಬಿಟ್. ಬರುವುದು ನೇರ ಅಂಕಿ, ಜೊತೆಗೆ ಅದನ್ನು ನಂಬಬಹುದೇ ಎಂಬ ಸ್ಥಿತಿ ಸೂಚನೆ. ರೇಂಜಿನ ಆ ಹಳೆಯ ಗೊಂದಲ ಇಲ್ಲಿ ಹುಟ್ಟುವುದೇ ಇಲ್ಲ. ಎರಡನೆಯ ಹಂಗಾಮಿನಲ್ಲಿ ಹನ್ನೆರಡೂ ಒಟ್ಟಿಗೆ ಮಿನುಗತೊಡಗಿದವು, ಒಮ್ಮೆ ಇವೆ, ಒಮ್ಮೆ ಇಲ್ಲ. ಮಲ್ಟಿಮೀಟರಿನಲ್ಲಿ ವೋಲ್ಟೇಜ್ ಸರಿಯಾಗಿತ್ತು. ಕೇಬಲ್ ಬಿಚ್ಚಿ, ಗ್ಲಾಂಡ್ ಬಿಗಿದು ಬೆಳಗಾಯಿತು. ಕೊನೆಗೆ ಆಸಿಲೋಸ್ಕೋಪ್ ತರಿಸಿ ನೋಡಿದರೆ ಅಲೆ ಕುಗ್ಗಿತ್ತು. ಅಲೆ ತುದಿಗೆ ಬಡಿದು ಹಿಂದಿರುಗದಂತೆ ತಡೆಯಲು ಟ್ರಂಕ್‌ನ ಎರಡು ತುದಿಗಳಲ್ಲಿ ಮಾತ್ರ ಇರಬೇಕಾದ ಟರ್ಮಿನೇಟರ್ ನಡುವಿನ ಜಂಕ್ಷನ್ ಬಾಕ್ಸಿನಲ್ಲೂ ಆನ್ ಆಗಿತ್ತು, ಒಂದು ಸಣ್ಣ ಸ್ವಿಚ್. ಹಿಂದಿನ ದಿನ ಆ ಬಾಕ್ಸ್ ತೆರೆದವನು ನಾನೇ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಆದರೂ ದೂರು ಇದ್ದೇ ಇದೆ: ಒಂದು ತಪ್ಪಿಗೆ ಹನ್ನೆರಡು ಅಳತೆಗಳು ದಂಡ ತೆತ್ತವು. ಹೊಸ ಉಪಕರಣವನ್ನು 126 ಎಂಬ ಮೂಲ ವಿಳಾಸದಿಂದ ಸರಿಯಾದ ವಿಳಾಸಕ್ಕೆ ಬದಲಿಸುವುದೂ ಪಾಳಿಯ ಹುಡುಗನಿಗೆ ಕಲಿಸಬೇಕಾದ ಪಾಠ.

ಒಂದು ಮಾಸ್ಟರ್ ಸರದಿಯಂತೆ ಒಂದೊಂದೇ ಉಪಕರಣವನ್ನು ಕೇಳುತ್ತ ಹೋಗುವ ಮಾಡ್‌ಬಸ್ ಆರ್‌ಟಿಯು ಅಗ್ಗ. ವಿದ್ಯುತ್ ಮೀಟರ್‌ಗಳಿಗೆ ಅದೇ ಸಾಕು. ಆದರೆ ಒಂದು ಮೀಟರ್ ಸತ್ತರೆ ಮಾಸ್ಟರ್ ಅದರ ಉತ್ತರಕ್ಕೆ ಕಾದು ಕಾದು ಉಳಿದವರ ಸರದಿಯನ್ನೂ ತಡಮಾಡುತ್ತದೆ. ಒಂದು ದಶಮಾಂಶ ಸಂಖ್ಯೆಯನ್ನು ಅರ್ಧರ್ಧ ಹಿಡಿದಿಡುವ ಎರಡು ರಿಜಿಸ್ಟರ್‌ಗಳು ಅದಲುಬದಲಾದರಂತೂ ಪರದೆಯಲ್ಲಿ ಯಾವ ಲೋಕದ್ದೋ ಅಂಕಿ. ನಿಯಂತ್ರಣದ ಲೂಪ್‌ಗೆ ಇದನ್ನು ನಾನು ಕೊಡುವುದಿಲ್ಲ.

ತಂತಿಯಿಲ್ಲದೆ ರೇಡಿಯೋದಲ್ಲಿ ಮಾತನಾಡುವ ವೈರ್‌ಲೆಸ್‌ಹಾರ್ಟ್ ಬಗ್ಗೆ ನನಗಿದ್ದ ತಾತ್ಸಾರ ಕಾಕಂಬಿ ಟ್ಯಾಂಕಿನಲ್ಲಿ ಕರಗಿತು. ಅಲ್ಲಿಗೆ ಕೇಬಲ್ ಎಳೆಯಲು ರಸ್ತೆ ಅಗೆಯಬೇಕಿತ್ತು. ಕಾಕಂಬಿಯ ಮಟ್ಟ ನಿಮಿಷಕ್ಕೊಮ್ಮೆ ತಿಳಿದರೆ ಯಥೇಚ್ಛ, ಬ್ಯಾಟರಿಯೂ ಉಳಿಯುತ್ತದೆ. ಕಬ್ಬಿಣದ ಟ್ಯಾಂಕಿನ ಮರೆಯಲ್ಲಿದ್ದ ಆಂಟೆನಾವನ್ನು ಪ್ಯಾರಪೆಟ್ ಗೋಡೆಗಿಂತ ಮೇಲೆತ್ತಿದ ಮೇಲೆ ತಕರಾರು ಬಂದಿಲ್ಲ.

ಈಗ ಹೊಸ ಜ್ಯೂಸ್ ಹೀಟರ್‌ಗಳಿಗೆ ಪಟ್ಟಿ ಕೇಳಿದ್ದಾರೆ. ಒಂದೊಂದಕ್ಕೂ ಬೇರೆ ಬೇರೆ ಜೋಡಿ ತಂತಿಯ 4–20, ಹಾರ್ಟ್ ಸಹಿತ ಎಂದು ಬರೆದಿದ್ದೇನೆ. ಕೇಬಲ್ ಖರ್ಚು ಹೆಚ್ಚು ಎಂದು ಪರ್ಚೇಸ್ ವಿಭಾಗ ಅದನ್ನು ಆಗಲೇ ಒಮ್ಮೆ ವಾಪಸ್ ಕಳಿಸಿದೆ. ಎವಾಪರೇಟರಿನ ಆ ರಾತ್ರಿಯ ಲಾಗ್ ಪುಸ್ತಕದ ಪುಟವನ್ನು ಲಗತ್ತಿಸಿ ಮತ್ತೆ ಕಳಿಸಿದ್ದೇನೆ.